ವಾಹನದ ಗಾಳಿಕಿಂಡಿಗೆ ಸುಗಂಧ ಬೇಡ, ಶುಚಿತ್ವ ಬೇಕು

ನಮ್ಮ ಕೃಷಿಕರ ಮನೆಗಳಲ್ಲಿ ಒಂದೇ ವಾಹನ ಹತ್ತು ಕೆಲಸ ಮಾಡುತ್ತದೆ. ಒಂದು ದಿನ ಕೋಳಿಗೊಬ್ಬರದ ಚೀಲ, ಇನ್ನೊಂದು ದಿನ ಸುಣ್ಣ ಮತ್ತು ಮೈಲುತುತ್ತು, ಮತ್ತೊಂದು ದಿನ ಮಾರಾಟಕ್ಕೆ ಅಡಿಕೆ. ಆದಿತ್ಯವಾರ ಅದರಲ್ಲೇ ಅಜ್ಜ, ಅಜ್ಜಿ, ಮಕ್ಕಳು ಪೂಜೆಗೆ ಹೊರಡುತ್ತಾರೆ. ಫ್ಯಾನ್ ಹಾಕಿದೊಡನೆ ಧೂಳು ಮತ್ತು ಹುಳಿ ವಾಸನೆ ಮುಖಕ್ಕೆ ಬಡಿಯುತ್ತದೆ. ಹೆಚ್ಚಿನವರು ಆಗ ಸುಗಂಧದ ಬಾಟಲಿ ತಂದು ಕಿಂಡಿಗೆ ಸಿಕ್ಕಿಸುತ್ತಾರೆ. ಇದು ಗಾಯ ತೊಳೆಯದೆ ಬಟ್ಟೆ ಸುತ್ತಿದ ಹಾಗೆ ಎಂಬುದು ನಮ್ಮ ಅಭಿಪ್ರಾಯ. ದಮ್ಮು ಇರುವವರಿಗೆ ಆ ಸುಗಂಧವೇ ಕೆಮ್ಮು ತರಬಹುದು.

ವಾಸನೆಗೆ ಕಾರಣವಿದೆ. ಎ.ಸಿ. ಇರುವ ವಾಹನದಲ್ಲಿ ಗಾಳಿ ತಣ್ಣಗಿನ ಕೊಳವೆಗಳ ಮೇಲೆ ಹಾದು ಬರುವಾಗ ಅದರ ತೇವ ನೀರಾಗುತ್ತದೆ. ಆ ನೀರು ಸಣ್ಣ ನಳಿಗೆಯ ಮೂಲಕ ವಾಹನದ ಅಡಿಗೆ ತೊಟ್ಟಿಕ್ಕಬೇಕು. ನಳಿಗೆ ಕಟ್ಟಿದರೆ ನೀರು ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಎ.ಸಿ. ಹಾಕಿ ಹದಿನೈದು ನಿಮಿಷವಾದರೂ ಅಡಿಯಲ್ಲಿ ನೀರು ಬೀಳದಿದ್ದರೆ ಮೆಕ್ಯಾನಿಕನಿಗೆ ತೋರಿಸಿರಿ.

ಉಳಿದ ಕೆಲಸ ಮನೆಯಲ್ಲೇ ಆಗುತ್ತದೆ. ಎದುರಿನ ಗಾಜಿನ ಬುಡದಲ್ಲಿ ಸೇರಿದ ತರಗೆಲೆ ತೆಗೆಯಿರಿ. ಗಾಳಿ ಒಳಗೆ ಬರುವ ದಾರಿ ಅದೇ. ಕಿಂಡಿಯ ಪಟ್ಟಿಗಳ ಧೂಳನ್ನು ಮೆತ್ತನೆಯ ಪೈಂಟ್ ಬ್ರಶ್ಶಿನಿಂದ ಬಿಡಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿರಿ. ಅನೇಕ ಕಾರುಗಳಲ್ಲಿ ಎದುರಿನ ಸಣ್ಣ ಪೆಟ್ಟಿಗೆಯ ಹಿಂದೆ ಗಾಳಿಯ ಫಿಲ್ಟರ್ ಇರುತ್ತದೆ. ಕಾಗದದ ಫಿಲ್ಟರನ್ನು ತೊಳೆಯಬೇಡಿರಿ, ಬದಲಿಸಿರಿ. ಮಣ್ಣು ರಸ್ತೆಯಲ್ಲಿ ಓಡುವ ವಾಹನಕ್ಕೆ ವರ್ಷಕ್ಕೊಮ್ಮೆಯಾದರೂ ಹೊಸದು ಬೇಕು. ಫಿನಾಯಿಲನ್ನಾಗಲಿ, ಬ್ಲೀಚಿಂಗ್ ಪೌಡರಿನ ನೀರನ್ನಾಗಲಿ ಕಿಂಡಿಯೊಳಗೆ ಸುರಿಯಬಾರದು. ಊರು ತಲಪುವ ಐದು ನಿಮಿಷ ಮೊದಲು ಎ.ಸಿ. ನಿಲ್ಲಿಸಿ, ಹೊರಗಿನ ಗಾಳಿ ಬರುವಂತೆ ಮಾಡಿ ಫ್ಯಾನ್ ಮಾತ್ರ ಓಡಿಸಿದರೆ ಒಳಗಿನ ತೇವ ಒಣಗುತ್ತದೆ.

ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ವಾಹನದಲ್ಲಿ ಇಲಿ ಗೂಡು ಕಟ್ಟುವುದುಂಟು. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಹಿಕ್ಕೆ ಕಂಡರೆ ಒಣಗಿದ್ದನ್ನೇ ಗುಡಿಸಬೇಡಿರಿ. ಕೈಗವಸು, ಮಾಸ್ಕ್ ಹಾಕಿ, ಸೋಂಕುನಾಶಕದ ನೀರಿನಿಂದ ಒದ್ದೆ ಮಾಡಿ ಒರೆಸಿ ತೆಗೆಯಿರಿ.

ಇಷ್ಟೆಲ್ಲ ಮಾಡಿದರೂ ಹೊರೆಯ ಕ್ರಮ ಬದಲಾಗದಿದ್ದರೆ ಪ್ರಯೋಜನವಿಲ್ಲ. ಕೀಟನಾಶಕವು ಆಹಾರಕ್ಕಾಗಲಿ, ಜಾನುವಾರುಗಳ ಹಿಂಡಿಗಾಗಲಿ ತಾಗುವಂತೆ ಸಾಗಿಸಬಾರದೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಹಿಂಡಿಗೆ ಇರುವ ರಕ್ಷಣೆ ನಮ್ಮ ಮಕ್ಕಳಿಗೆ ಬೇಡವೇ? ಕಾಸರಗೋಡಿನ ಗೇರು ತೋಟಗಳಲ್ಲಿ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಗಾಳಿಯಲ್ಲಿ ಬರುವ ವಿಷ ಎಂಥದೆಂದು ಕಂಡ ಜಿಲ್ಲೆಯವರು ನಾವು. ಮುಚ್ಚಿದ ಗಾಜಿನೊಳಗೆ ಮಕ್ಕಳ ಪಕ್ಕದಲ್ಲೇ ಮದ್ದಿನ ಡಬ್ಬ ಇಡುವುದು ನಮಗೆ ತಕ್ಕದ್ದಲ್ಲ.

ಗೊಬ್ಬರ, ಮದ್ದು ತರಲು ಹಿಂದೆ ತೆರೆದ ಬಾಡಿಗೆ ಪಿಕ್‌ಅಪ್ ಗೊತ್ತುಮಾಡಿರಿ. ಎರಡು ಮೂರು ಮನೆಯವರು ಕೂಡಿದರೆ ಖರ್ಚು ಹಗುರ. ಮಳೆಗಾಲಕ್ಕೆ ಮುಂಚೆ ಮನೆಯ ಮಾಡು ನೋಡಿಕೊಳ್ಳುವಂತೆ ವಾಹನದ ಗಾಳಿಕಿಂಡಿಯನ್ನೂ ನೋಡಿಕೊಳ್ಳೋಣ.