ಕಾಮಣಿಯ ದಿನಗಳ ಸೂಚನೆ: ಕುದಿಸುವವರ ಪಾಲು, ಹೇಳುವವರ ಪಾಲು

ಸಾಂಕ್ರಾಮಿಕ ರೋಗ ಕಾಣಿಸಿಕೊಂಡಾಗ ಆಡಳಿತ ಹೊರಡಿಸುವ ಸೂಚನೆಯನ್ನು ಬರೀ ತಿಳಿವಳಿಕೆ ಎಂದು ಭಾವಿಸುವುದು ರೂಢಿ. ಆದರೆ ಅದು ಹೊಣೆಯ ಹಂಚಿಕೆಯೂ ಹೌದು. ‘ನೀರು ಕುದಿಸಿ ಕುಡಿಯಿರಿ’ ಎಂಬ ಮೂರು ಮಾತು, ಶುದ್ಧ ನೀರು ಕೊಡಬೇಕಾದ ಪಂಚಾಯಿತಿ ಅಥವಾ ನಗರಸಭೆಯ ಕೆಲಸದ ಒಂದು ಭಾಗವನ್ನು ಮನೆಯ ಒಲೆಯ ಮುಂದೆ ಕೂತ ಹೆಣ್ಣುಮಗಳಿಗೆ ವಹಿಸಿಕೊಡುತ್ತದೆ. ರೋಗದ ದಿನಗಳಲ್ಲಿ ಅದು ಅನಿವಾರ್ಯವಿರಬಹುದು. ಹಾಗೆ ವಹಿಸುವವರು ತಾವು ಮಾಡುವುದೇನೆಂಬುದನ್ನು ಅದೇ ಸೂಚನೆಯಲ್ಲಿ ಹೇಳಬೇಕೆ ಎಂಬುದೇ ಇಲ್ಲಿನ ಪ್ರಶ್ನೆ. ಹೇಳಲೇಬೇಕು ಎಂಬುದಕ್ಕೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಬದುಕೇ ಆಧಾರ ಒದಗಿಸುತ್ತದೆ.

ಹೆಪಟೈಟಿಸ್ ಎ ಎಂದರೆ ಯಕೃತ್ತಿಗೆ ಉರಿಯೂತ ತರುವ ವೈರಾಣು ಸೋಂಕು. ಕಣ್ಣು, ಮೂತ್ರ ಹಳದಿಯಾಗುವ ಈ ಲಕ್ಷಣವನ್ನು ಇಲ್ಲಿನ ಜನ ಕಾಮಣಿ ಎನ್ನುತ್ತಾರೆ. ರೋಗಿಯ ಮಲದಲ್ಲಿ ಹೊರಬಿದ್ದ ವೈರಾಣು ನೀರು, ಆಹಾರ, ಕೈಗಳ ಮೂಲಕ ಮತ್ತೊಬ್ಬರ ಬಾಯಿ ಸೇರುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು 15ರಿಂದ 50 ದಿನ, ಸರಾಸರಿ 28 ದಿನ ಬೇಕು. ಕಣ್ಣು ಹಳದಿಯಾಗುವ ಮುಂಚಿನ ಎರಡು ವಾರಗಳಲ್ಲೇ ರೋಗಿ ಅತಿ ಹೆಚ್ಚು ಸೋಂಕು ಹರಡುತ್ತಾನೆ. ಆರು ವರ್ಷದೊಳಗಿನ ಬಹುಪಾಲು ಮಕ್ಕಳಲ್ಲಂತೂ ಲಕ್ಷಣವೇ ಕಾಣುವುದಿಲ್ಲ. 2022ರ ಅಕ್ಟೋಬರಿನಲ್ಲಿ ಶಹಾಪುರ ತಾಲ್ಲೂಕಿನ ಹೋತಪೇಟದಲ್ಲಿ, 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಜೀವಹಾನಿಯಾದಾಗ ಕಾರಣವನ್ನು ಹಿಂದಿನ ಒಂದೆರಡು ದಿನಗಳ ನೀರಿನಲ್ಲೇ ಹುಡುಕಬಹುದಾಗಿತ್ತು. ಕಾಮಣಿಯಲ್ಲಿ ಹುಡುಕಬೇಕಾದದ್ದು ಹೋದ ತಿಂಗಳ ನೀರನ್ನು, ಅದೂ ಸೋಂಕು ತಗುಲಿದವರು ಅಷ್ಟರಲ್ಲಿ ಗುಳೆ ಹೊರಟು ಬೆಂಗಳೂರಿನದೋ ಪುಣೆಯದೋ ಕಟ್ಟಡದ ಕೆಲಸದಲ್ಲಿರಬಹುದಾದ ಊರುಗಳಲ್ಲಿ.

ಈ ದೀರ್ಘ ಅವಧಿಯನ್ನು ಮೊದಲೇ ತಿಳಿಸದಿದ್ದರೆ ಸೂಚನೆಯ ಮೇಲಿನ ನಂಬಿಕೆಯೇ ಕುಸಿಯುತ್ತದೆ. ಒಡೆದ ಪೈಪನ್ನು ಇಂದು ಸರಿಪಡಿಸಿದರೂ ಹಿಂದೆಯೇ ಸೋಂಕು ತಗುಲಿದವರು ಇನ್ನೂ ಏಳು ವಾರ ಒಬ್ಬೊಬ್ಬರಾಗಿ ಹಾಸಿಗೆ ಹಿಡಿಯಬಹುದು. ‘ಕುದಿಸಿ ಕುಡಿದರೂ ಕಾಮಣಿ ಬಂತಲ್ಲ’ ಎಂದು ಬೇಸತ್ತವರು ಒಲೆ ಆರಿಸಿ, ಕೈಗೆ ಬರೆ ಹಾಕುವವರ ಬಾಗಿಲಿಗೆ ಹೋದರೆ ಅದನ್ನು ಅಜ್ಞಾನವೆಂದು ಜರೆಯುವುದು ಅನ್ಯಾಯ. ಬರೆ ಗಾಯವನ್ನಷ್ಟೇ ಕೊಡುತ್ತದೆ. ಹೆಚ್ಚಿನವರಲ್ಲಿ ಈ ರೋಗ ವಿಶ್ರಾಂತಿಯಿಂದ ತಾನಾಗಿ ಇಳಿಯುವುದರಿಂದ ಕೀರ್ತಿ ಮಾತ್ರ ಬರೆಗೆ ಸಲ್ಲುತ್ತದೆ. ಇದನ್ನು ವಿವರಿಸಿ ಹೇಳುವ ಕೆಲಸ ಆಶಾ ಕಾರ್ಯಕರ್ತೆಗೆ ಬಿಟ್ಟದ್ದಲ್ಲ, ಸೂಚನೆಯ ಒಕ್ಕಣೆಗೇ ಸೇರಿದ್ದು.

ಕುದಿಸುವ ಮಾತನ್ನೂ ಹತ್ತಿರದಿಂದ ನೋಡಬೇಕು. ಐದು ಜನರ ಮನೆಗೆ ತಲೆಗೆ ಮೂರು ಲೀಟರಿನಂತೆ ದಿನಕ್ಕೆ 15 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಕೊಡ ಕುಡಿಯುವ ನೀರು ಬೇಕು. ಅಷ್ಟು ನೀರು ಗುಳುಗುಳು ಕುದ್ದು ಒಂದು ನಿಮಿಷ ಹಾಗೇ ಇರಬೇಕಾದರೆ ಉರಿಯುವುದು ಅಡುಗೆಗೆಂದು ಕೂಡಿಟ್ಟ ತೊಗರಿ ಕಟ್ಟಿಗೆ ಅಥವಾ ತಿಂಗಳಿಡೀ ಬರಬೇಕಾದ ಸಿಲಿಂಡರ್. ಕುದಿಸಿ ಆರಿಸಿದ ಆ ಕೊಡಕ್ಕೆ, ಬಯಲಿಗೆ ಹೋಗಿ ಬಂದ ಮಗು ಸೋಪು ಹಚ್ಚಿ ತೊಳೆಯದ ಕೈಯಲ್ಲಿ ಚರಿಗೆ ಅದ್ದಿತೆಂದರೆ ಉರಿಸಿದ ಕಟ್ಟಿಗೆಯೆಲ್ಲ ವ್ಯರ್ಥ. ಆದ್ದರಿಂದ ಕುದಿಸಲು ಹೇಳುವ ಸೂಚನೆ, ಉದ್ದ ಹಿಡಿಯ ಸೌಟಿನ ಮಾತನ್ನೂ ಕಟ್ಟಿಗೆಯಿಲ್ಲದ ಮನೆಗೆ ಕ್ಲೋರಿನ್ ಮಾತ್ರೆ ಎಲ್ಲಿ ಸಿಗುತ್ತದೆಂಬುದನ್ನೂ ಹೇಳಬೇಕು. ಇನ್ನು ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಂಥ ಕಡೆ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷಧಾತು ಕಂಡುಬಂದಿದೆ; ಕುದಿಸಿದರೆ ವೈರಾಣು ಸಾಯುತ್ತದೆ, ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಎಲ್ಲ ಊರಿಗೂ ಒಂದೇ ಕರಪತ್ರ ಹಂಚುವವರು ಇಂಥ ಊರಿಗೆ ನೀರನ್ನೇ ಬೇರೆಡೆಯಿಂದ ತರಬೇಕಾಗುತ್ತದೆ.

ಆಡಳಿತದ ಪಾಲು ಚರಂಡಿಯ ಪಕ್ಕದ ವಾಲ್ವ್ ಗುಂಡಿಯಲ್ಲಿದೆ. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಕಡೆ, ನೀರು ನಿಂತು ಒತ್ತಡ ಇಳಿದ ಹೊತ್ತಿನಲ್ಲಿ ಸಣ್ಣ ಬಿರುಕುಗಳ ಮೂಲಕ ಗುಂಡಿಯಲ್ಲಿ ಮಡುಗಟ್ಟಿದ ಕೊಳಚೆ ಪೈಪಿನೊಳಗೆ ಸೇರುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದೆವೆಂಬ ಮಾತು ಇಲ್ಲಿ ಸಾಲದು. ಕಟ್ಟಕಡೆಯ ಮನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ರೋಗ ಹರಡಿರುವಾಗ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 1955–56ರಲ್ಲಿ ದೆಹಲಿಯ ನಜಫ್‌ಗಢ ನಾಲೆಯ ಕೊಳಚೆ ಯಮುನೆಯ ನೀರೆತ್ತುವ ಜಾಗಕ್ಕೆ ನುಗ್ಗಿದಾಗ ಕ್ಲೋರಿನ್ ಹೆಚ್ಚಿಸಿದ್ದರಿಂದ ವಿಷಮಶೀತಜ್ವರವೇನೋ ಏರಲಿಲ್ಲ, ಆದರೆ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂಬುದು ದಶಕಗಳ ನಂತರ ತಿಳಿಯಿತು. ನೀರಿನಿಂದಲೇ ಹರಡುವ ಆ ವೈರಾಣು ತುಂಬು ಗರ್ಭಿಣಿಯರ ಪ್ರಾಣಕ್ಕೇ ಎರವಾಗುತ್ತದೆ. ಕಾಮಣಿ ಯಾವ ವೈರಾಣುವಿನದೆಂದು ರಕ್ತಪರೀಕ್ಷೆಯಿಂದ ಖಚಿತವಾಗುವವರೆಗೆ ಊರಿನ ಪ್ರತಿಯೊಬ್ಬ ಗರ್ಭಿಣಿಯ ಮನೆಗೂ ಮೊದಲು ಹೋಗಬೇಕೆನ್ನುವುದು ಇದೇ ಕಾರಣಕ್ಕೆ.

ಪಂಚಾಯಿತಿ ಗೋಡೆಯ ಮೇಲೆ ‘ಕುದಿಸಿ ಕುಡಿಯಿರಿ’ ಎಂದು ಬರೆದ ಜಾಗದಲ್ಲೇ ಯಾವ ಓಣಿಯ ಪೈಪು ಒಡೆದಿತ್ತು, ಎಂದು ದುರಸ್ತಿಯಾಯಿತು, ಕೊನೆಯ ನಳದಲ್ಲಿ ಇಂದು ಕ್ಲೋರಿನ್ ಎಷ್ಟಿದೆ, ಎಂದಿನವರೆಗೆ ಕುದಿಸಬೇಕು ಎಂಬುದನ್ನೂ ಬರೆಯಲು ಇನ್ನು ನಾಲ್ಕು ಸಾಲು ಸಾಕು. ಅವನ್ನು ದಿನವೂ ಅಳಿಸಿ ಹೊಸದಾಗಿ ಬರೆಯಬೇಕಾದವರು ಯಾರೆಂದು ಗೊತ್ತಾದ ಊರಿನಲ್ಲಿ, ಕೊಡ ಹೊತ್ತು ಬಂದವಳು ಓಣಿಯ ಹೆಸರು ಹಿಡಿದು ಕೇಳುವುದಕ್ಕೂ ಒಂದು ಜಾಗ ಸಿಗುತ್ತದೆ.