ಚರಂಡಿಯ ಕಲ್ಲು ಎಲ್ಲಿಗೆ ಹೋಗುತ್ತದೆ?

ಮಳೆಗಾಲಕ್ಕೆ ಮುನ್ನ ಮುಂಬಯಿಯ ಉಪನಗರಗಳಲ್ಲಿ ಕಾಣಸಿಗುವ ದೃಶ್ಯವೊಂದುಂಟು. ರಸ್ತೆಬದಿಯ ಹಳೆಯ ಚರಂಡಿಯನ್ನು ಅಗೆದು, ಅದರ ಗೋಡೆಯ ಕರಿಗಲ್ಲುಗಳನ್ನೂ ಮೇಲೆ ಹಾಸಿದ್ದ ಶಹಾಬಾದ್ ಚಪ್ಪಡಿಗಳನ್ನೂ ಹೂಳಿನೊಡನೆ ಒಂದೇ ರಾಶಿಯಾಗಿ ಸುರಿದು, ಲಾರಿಯಲ್ಲಿ ಸಾಗಿಸಲಾಗುತ್ತದೆ. ಕೆಲವೇ ದಿನಗಳಲ್ಲಿ ಆ ಜಾಗಕ್ಕೆ ಕಾಂಕ್ರೀಟಿನ ಹೊಸ ಗೋಡೆ ಬರುತ್ತದೆ. ಹೋದ ಕಲ್ಲೆಷ್ಟು, ಅದರ ಬೆಲೆಯೇನು ಎಂದು ವಿಚಾರಿಸುವವರಿಲ್ಲ.

ದಖ್ಖನದ ಈ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾರಸ ತಣಿದು ಗಟ್ಟಿಯಾದದ್ದು. ಐವತ್ತು ವರ್ಷ ಚರಂಡಿಯ ನೀರು ಹರಿದ ಮಾತ್ರಕ್ಕೆ ಅದು ಸವೆಯುವಂಥದಲ್ಲ. ಹಳೆಯ ಚರಂಡಿ ಕೆಡುವುದು ಬಹುಮಟ್ಟಿಗೆ ಕಲ್ಲಿನ ದೋಷದಿಂದಲ್ಲ. ಸಂದುಗಳ ಗಾರೆ ತೊಳೆದುಹೋಗುವುದರಿಂದ, ಮರದ ಬೇರು ನುಗ್ಗುವುದರಿಂದ, ತಳ ಕುಸಿದು ಇಳಿಜಾರು ತಪ್ಪುವುದರಿಂದ, ಕೊಳವೆ ಹಾಯಿಸುವವರು ಮನಬಂದಂತೆ ಗೋಡೆ ಕೊರೆಯುವುದರಿಂದ. ಆದ್ದರಿಂದ ಜೀರ್ಣೋದ್ಧಾರವೆಂದರೆ ಕಲ್ಲನ್ನು ಹೊರಗೆಸೆಯುವುದಲ್ಲ, ಮರಳಿ ಕೂರಿಸುವುದು.

ವಿಧಾನ ಸರಳವಾದುದು. ಕಲ್ಲುಗಳನ್ನು ಯಂತ್ರದಿಂದ ಬಗೆಯದೆ ಹಾರೆಯಿಂದ ಎಬ್ಬಿಸಿ, ಅಂಟಿದ ಗಾರೆಯನ್ನು ಕೆತ್ತಿ ತೆಗೆದು, ಅಲ್ಲಿಯೇ ವಿಂಗಡಿಸಬೇಕು. ಮುಖ ಚೆನ್ನಾಗಿರುವುವು ಗೋಡೆಗೆ. ಚೂರುಪಾರು ಗೋಡೆಯ ಹಿಂಬದಿಗೆ, ನೆಲದ ನೀರು ಬಸಿಯುವ ತುಂಬಿಕೆಯಾಗಿ. ಒಡೆದ ಚಪ್ಪಡಿಗಳು ತಳದ ಹಾಸಿಗೆ. ತಳಕ್ಕೆ ತೆಳು ಕಾಂಕ್ರೀಟು ಹಾಕುವುದು ಅವಶ್ಯ. ಮುಖ್ಯವಾದುದು ಇಳಿಜಾರು: ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರಿನಷ್ಟಾದರೂ ಹರಿಯದಿದ್ದರೆ ಹೂಳು ಕೂತೇ ಕೂರುತ್ತದೆ, ಗೋಡೆ ಯಾವುದರದೇ ಇರಲಿ. ಕಲ್ಲಿನ ಮೇಲಿನ ಮೋಹ ಅತಿಯಾಗಲೂ ಬಾರದು. ಶಹಾಬಾದ್ ಕಲ್ಲು ಪದರಪದರವಾಗಿ ಸೀಳುವ ಸುಣ್ಣಶಿಲೆ; ವಾಹನಗಳು ದಾಟುವೆಡೆ ಅದನ್ನು ಮುಚ್ಚಳವಾಗಿಸುವುದು ಅಪಾಯಕಾರಿ. ಅಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟೇ ಬೇಕು.

ಹಳೆಯ ಕಲ್ಲೆಂದರೆ ಹಳೆಯ ಇಕ್ಕಟ್ಟೇ ಎಂಬ ಆಕ್ಷೇಪ ಕೇಳಿಬರುವುದುಂಟು. ಮುಂಬಯಿಯ ಹಳೆಯ ಮಳೆನೀರಿನ ವ್ಯವಸ್ಥೆ ಗಂಟೆಗೆ 25 ಮಿಲಿಮೀಟರ್ ಮಳೆಗಷ್ಟೇ ಲೆಕ್ಕಹಾಕಿದ್ದೆಂಬುದು ನಿಜ. ಅದನ್ನು 50ಕ್ಕೆ ಏರಿಸಬೇಕೆಂದು 1993ರ ಬ್ರಿಮ್‌ಸ್ಟೊವಾಡ್ ವರದಿ ಸೂಚಿಸಿತ್ತು. ಆದರೆ ಚರಂಡಿಯನ್ನು ಅಗಲಿಸಿದಾಗ ಎರಡು ಗೋಡೆಗಳ ನಡುವಿನ ಅಂತರ ಹೆಚ್ಚುತ್ತದೆಯೇ ಹೊರತು ಗೋಡೆಯ ಕಲ್ಲಿನ ಲೆಕ್ಕ ಹೆಚ್ಚುವುದಿಲ್ಲ. ಆಳ ಹೆಚ್ಚಿಸಿದರೆ ಮಾತ್ರ ಹೊಸ ಕಲ್ಲು ಬೇಕಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಸುರಿದ 944 ಮಿಲಿಮೀಟರ್ ಮಳೆಯನ್ನು ಯಾವ ರಸ್ತೆಬದಿಯ ಚರಂಡಿಯೂ ತಾಳಲಾರದು. ಆ ಮಾತು ಬೇರೆ.

ನಿಯಮಗಳಿಗೇನೂ ಕೊರತೆಯಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಲ್ಲಿನ ಕಟ್ಟಡ ಕೆಡಹುವ ಬಾಬಿನ ಒಕ್ಕಣೆಯೊಳಗೇ ಬಳಕೆಗೆ ಬರುವ ಸಾಮಗ್ರಿಯನ್ನು ಒಟ್ಟಿಡುವ ಕೆಲಸವೂ ಸೇರಿದೆ. ಕಟ್ಟಡದ ಅವಶೇಷಗಳ ವಿಲೇವಾರಿಗೆಂದೇ 2016ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಆದರೆ ಕಡತಗಳ ನಡುವೆ ಆಯುಷ್ಯ ಕಳೆದ ನಮ್ಮಂಥವರು ಬಲ್ಲೆವು: ಅಳತೆಪುಸ್ತಕದಲ್ಲಿ ಒಂದು ಸಾಲು ಇಲ್ಲದಿದ್ದರೆ ಕಣ್ಣೆದುರಿನ ಕಲ್ಲೂ ಇಲ್ಲವೆಂದೇ ಲೆಕ್ಕ. ಹಳೆಯ ಕಲ್ಲಿನ ಮೌಲ್ಯವನ್ನು ಅಂದಾಜುಪಟ್ಟಿಯಲ್ಲಿ ಕಳೆಯದೆ ಹೊಸ ಸಾಮಗ್ರಿಗೆ ಪೂರ್ತಿ ದರ ಕೊಟ್ಟರೆ, ನಾಗರಿಕನು ಒಂದೇ ಗೋಡೆಗೆ ಎರಡು ಬಾರಿ ತೆರಿಗೆ ತೆತ್ತಂತಾಯಿತು.

ಇದರಲ್ಲಿ ನಮಗೆ, ಕನ್ನಡಿಗರಿಗೆ, ಇನ್ನೊಂದು ಸಂಬಂಧವೂ ಉಂಟು. ಆ ಚಪ್ಪಡಿ ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತದ್ದು. ಬೆಳಗಿನ ನಾಕಾಗಳಲ್ಲಿ ಕೂಲಿಗಾಗಿ ಕಾದು ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದವರೂ ಇದ್ದಾರೆ. ಕಲ್ಲನ್ನು ಮರಳಿ ಕಟ್ಟುವಾಗ ಹಣದ ಹೆಚ್ಚಿನ ಪಾಲು ಸಿಮೆಂಟಿಗೂ ಲಾರಿಗೂ ಹೋಗದೆ ಗವಂಡಿಯ ಮತ್ತು ಆಳಿನ ಕೈಸೇರುತ್ತದೆ. ಕೆಲಸ ನಿಧಾನವೆಂಬ ಗುತ್ತಿಗೆದಾರರ ದೂರು ಸುಳ್ಳಲ್ಲ. ಮೇ ತಿಂಗಳ ಕೊನೆಯಲ್ಲಿ ಚರಂಡಿ ಅಗೆದರೆ ಯಾವ ಕೆಲಸಕ್ಕೂ ವ್ಯವಧಾನವಿರದು. ದೀಪಾವಳಿಯ ಬಳಿಕವೇ ಆರಂಭಿಸಿದರೆ ನಿಧಾನದ ಪ್ರಶ್ನೆಯೇ ಏಳದು.

ನಮ್ಮ ಓದುಗರಲ್ಲಿ ಅನೇಕರು ತಂತಮ್ಮ ಹೌಸಿಂಗ್ ಸೊಸೈಟಿಗಳ ಪದಾಧಿಕಾರಿಗಳು. ಗೇಟಿನ ಮುಂದೆ ಅಗೆತ ಆರಂಭವಾದ ದಿನವೇ ಕಲ್ಲಿನ ರಾಶಿಯ ಉದ್ದಗಲಗಳನ್ನು ಬರೆದಿಟ್ಟುಕೊಳ್ಳಲಿ. ವಾರ್ಡ್ ಕಚೇರಿಯಲ್ಲಿ ಅಂದಾಜುಪಟ್ಟಿಯನ್ನೂ ಅಳತೆಪುಸ್ತಕವನ್ನೂ ಕೇಳಿ ನೋಡಲಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಅರ್ಜಿ ಬರೆಯಲು ಒಂದು ಸಂಜೆ ಸಾಕು.