ಹಿನ್ನೀರಂಚಿನ ಮಣ್ಣುದಾರಿಗೆ ಯಾವ ಗಾಲಿ?

ಸಾಗರ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ ತಿಂಗಳಲ್ಲಿ ಸಂಚಾರಕ್ಕೆ ತೆರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೀರಿನಾಚೆ ಉಳಿದ ಕರೂರು-ಬಾರಂಗಿ ಸೀಮೆಯ ಜನ ಆರು ದಶಕಗಳ ಕಾಲ ಲಾಂಚಿನ ವೇಳೆಗೆ ತಮ್ಮ ಬದುಕನ್ನು ಹೊಂದಿಸಿಕೊಂಡಿದ್ದರು. ರೋಗಿಯಾಗಲಿ ಬಾಣಂತಿಯಾಗಲಿ ದಡದಲ್ಲಿ ಕಾಯಲೇಬೇಕಿತ್ತು. ನಾಡಿಗೆ ಬೆಳಕು ಕೊಡಲು ಮುಳುಗಿದವರಿಗೆ ಸೇತುವೆ ಎಂದೋ ಸಲ್ಲಬೇಕಾಗಿದ್ದ ಬಾಕಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾಂಚು ಸದ್ದಿಲ್ಲದೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಸಲಕ್ಕೆ ಬೆರಳೆಣಿಕೆಯ ವಾಹನಗಳನ್ನಷ್ಟೇ ದಾಟಿಸುತ್ತಿದ್ದ ಅದು, ಶರಾವತಿ ಕೊಳ್ಳದ ಒಳದಾರಿಗಳಿಗೆ ಬಾಗಿಲ ಕಾವಲಿನಂತೆ ಇತ್ತು. ಈಗ ಆ ಕಾವಲು ಇಲ್ಲ. ವಾರಾಂತ್ಯದ ಪ್ರವಾಸಿ ವಾಹನಗಳು ಸಿಗಂದೂರಿನಲ್ಲೇ ನಿಲ್ಲುತ್ತವೆ ಎಂದು ನಂಬುವುದು ಕಷ್ಟ. ನೀರಿನಂಚಿಗೆ ಇಳಿಯುವ ಪ್ರತಿಯೊಂದು ಮಣ್ಣುದಾರಿಯೂ ಅವುಗಳಿಗೆ ಆಹ್ವಾನವೇ.

ಇದೇ ಹೊತ್ತಿಗೆ ನಗರಗಳಲ್ಲಿ ಹೊಸದೊಂದು ಹವ್ಯಾಸ ಬೆಳೆಯುತ್ತಿದೆ. ಬಾಗಿದ ಹಿಡಿಕೆ, ಸುಮಾರು 40 ಮಿ.ಮೀ. ಅಗಲದ ಟೈರುಗಳುಳ್ಳ ಗ್ರಾವೆಲ್ ಸೈಕಲ್ಲುಗಳಲ್ಲಿ ಡಾಂಬರು ಬಿಟ್ಟು ಕೆರೆಯಂಚು, ತೋಪು, ಹೊಲಗಳ ನಡುವಿನ ಜಲ್ಲಿ-ಮಣ್ಣಿನ ದಾರಿಗಳನ್ನು ಹುಡುಕಿ ಹೋಗುವ ಹವ್ಯಾಸ ಅದು. ಲಕ್ಷ ರೂಪಾಯಿಯ ಸೈಕಲ್ ಏರಿ ಕೆಸರು ಹುಡುಕುವವರನ್ನು ಕಂಡು ಹಳ್ಳಿಗರು ನಗುವುದು ಸಹಜ. 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಇದೇ ದಾರಿಗಳಲ್ಲಿ ಶಾಲೆಗೆ ಹೋಗಿ ಬಂದಿವೆ. ಅದಕ್ಕೆ ಯಾರೂ ಇಂಗ್ಲಿಷ್ ಹೆಸರು ಇಟ್ಟಿರಲಿಲ್ಲ. ಆದರೂ ಈ ಹವ್ಯಾಸವನ್ನು ನಕ್ಕು ಬಿಟ್ಟುಬಿಡುವುದು ಜಾಣತನವಲ್ಲ. ಮಣ್ಣುದಾರಿ ಮಣ್ಣುದಾರಿಯಾಗಿಯೇ ಉಳಿಯಲಿ ಎಂದು ಬಯಸುವ ಪ್ರವಾಸಿಗರು ಅಪರೂಪ. ಅವರು ಮಲೆನಾಡಿನ ಮಿತ್ರರಾಗಬಲ್ಲರು, ನಿಯಮ ಊರಿನದಾಗಿದ್ದರೆ ಮಾತ್ರ.

ಇಟಲಿಯ ಟಸ್ಕನಿ ಪ್ರಾಂತ್ಯದ ಅನುಭವ ಇಲ್ಲಿ ನೆನಪಾಗಬೇಕು. ದ್ರಾಕ್ಷಿತೋಟಗಳ ನಡುವಿನ ಅಲ್ಲಿಯ ‘ಬಿಳಿ ರಸ್ತೆ’ಗಳು ಒಂದೊಂದಾಗಿ ಡಾಂಬರಿನಡಿ ಸೇರುತ್ತಿದ್ದಾಗ, 1997ರಲ್ಲಿ ಜಿಯಾನ್‌ಕಾರ್ಲೊ ಬ್ರೋಚಿ ಎಂಬವರು ಗಾಯೋಲೆ ಎಂಬ ಊರಿನಿಂದ ‘ಲೆರೋಯಿಕಾ’ ಎಂಬ ಹಳೆಯ ಸೈಕಲ್ಲುಗಳ ಸವಾರಿಯನ್ನು ಆರಂಭಿಸಿದರು. ಆ ರಸ್ತೆಗಳನ್ನು ಉಳಿಸುವುದೂ ಅದರ ಉದ್ದೇಶವಾಗಿತ್ತು. ಮೊದಲ ವರ್ಷ ಬಂದವರು 92 ಮಂದಿ. 2007ರಿಂದ ವೃತ್ತಿಪರರ ಸ್ಪರ್ಧೆಯೊಂದೂ ಅದೇ ದಾರಿಗಳಲ್ಲಿ ನಡೆಯುತ್ತಿದೆ. ಜಲ್ಲಿ ರಸ್ತೆ ಬಡತನದ ಗುರುತು ಎಂಬ ಭಾವನೆ ಹೋಗಿ, ಅದು ಆ ಸೀಮೆಯ ಸ್ವತ್ತು ಎಂಬ ಅರಿವು ಬಂದಿತು. ಇಂಗ್ಲೆಂಡಿನ ರಟ್‌ಲ್ಯಾಂಡ್ ಜಲಾಶಯದ ಕಥೆ ಶರಾವತಿಯವರಿಗೆ ಇನ್ನೂ ಹತ್ತಿರದ್ದು. 1970ರ ದಶಕದಲ್ಲಿ ಅಲ್ಲಿಯೂ ಒಂದು ಹಳ್ಳಿ ಮುಳುಗಿತು. ಇಂದು ಆ ನೀರನ್ನು ಬಳಸಿ ಸುಮಾರು 37 ಕಿ.ಮೀ. ಉದ್ದದ ಸೈಕಲ್ ದಾರಿ ಇದೆ. ಹಕ್ಕಿಗಳಿಗೆಂದು ಮೀಸಲಾದ ಪಶ್ಚಿಮದ ತುದಿಯಲ್ಲಿ ಆ ದಾರಿ ನೀರಂಚು ಬಿಟ್ಟು ದೂರ ಸರಿದು ಹೋಗುತ್ತದೆ. ಮೀನುಗಿಡುಗವನ್ನು 1996ರಲ್ಲಿ ಅಲ್ಲಿ ಮರಳಿ ನೆಲೆಗೊಳಿಸುವ ಕೆಲಸ ಆರಂಭವಾಗಿ, 2001ರಲ್ಲಿ ಮೊದಲ ಮರಿ ಹುಟ್ಟಿತು.

ಹಾಗೆಂದು ಯುರೋಪಿನ ನಿಯಮವನ್ನು ಎತ್ತಿ ತಂದು ಇಲ್ಲಿ ನೆಡಲಾಗದು. ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ ಒಂದು ಮಳೆಗಾಲಕ್ಕೆ 5000 ಮಿ.ಮೀ. ಮಳೆ ದಾಟುವುದು ಹೊಸತೇನಲ್ಲ. ಅಂಥ ಮಳೆಯ ಸೀಮೆಯಲ್ಲಿ ದಾರಿಯ ಪ್ರಶ್ನೆ ಮೂಲತಃ ನೀರಿನ ಪ್ರಶ್ನೆ.

ಗಾಲಿ ಮತ್ತು ಮಣ್ಣಿನ ಸಂಬಂಧವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಣ್ಣಿನ ಮೇಲ್ಪದರಕ್ಕೆ ಬೀಳುವ ಒತ್ತಡವನ್ನು ಬಹುಮಟ್ಟಿಗೆ ಟೈರಿನೊಳಗಿನ ಗಾಳಿಯ ಒತ್ತಡವೇ ನಿರ್ಧರಿಸುತ್ತದೆ. ಈ ಲೆಕ್ಕದಲ್ಲಿ ಸೈಕಲ್ಲಿಗೂ ಜೀಪಿಗೂ ಬಹಳ ಅಂತರವಿಲ್ಲ ಎಂಬುದು ಅನೇಕರಿಗೆ ಅಚ್ಚರಿ ತರಬಹುದು. ಅಂತರವಿರುವುದು ಆಳದಲ್ಲಿ. ಮಣ್ಣು ಎಷ್ಟು ಆಳದವರೆಗೆ ಅಮುಕಿ ಗಟ್ಟಿಯಾಗುತ್ತದೆ ಎಂಬುದನ್ನು ಅಚ್ಚಿನ ಮೇಲಿನ ಒಟ್ಟು ಹೊರೆ ನಿರ್ಧರಿಸುತ್ತದೆ. ಸವಾರನೂ ಸೇರಿ ಸೈಕಲ್ಲಿನ ತೂಕ ಒಂದು ಕ್ವಿಂಟಾಲಿನೊಳಗೆ. ಜನ ತುಂಬಿದ ಜೀಪು ಎರಡು ಟನ್ನಿನ ಆಸುಪಾಸು. ಏರಿನಲ್ಲಿ ಜೀಪಿನ ಗಾಲಿ ಜಾರಿ ತಿರುಗಿದಾಗಲೆಲ್ಲ ಮಣ್ಣನ್ನು ಕೆತ್ತಿ ಹಿಂದಕ್ಕೆ ಎಸೆಯುತ್ತದೆ. ಕೊಡಚಾದ್ರಿಯ ಜೀಪು ದಾರಿ ಏರಿದವರಿಗೆ ಇದರ ಫಲವನ್ನು ವಿವರಿಸಬೇಕಿಲ್ಲ. ಗಾಲಿಯ ಜಾಡು ಮೊದಲ ಮಳೆಗೆ ಕಾಲುವೆ, ಎರಡನೆಯ ವರ್ಷಕ್ಕೆ ಕೊರಕಲು. ಆಮೇಲೆ ಚಾಲಕ ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಹುಡುಕುತ್ತಾನೆ. ದಾರಿ ಅಗಲವಾಗುತ್ತ ಬೆಟ್ಟವನ್ನು ತಿನ್ನುತ್ತದೆ.

ಸೈಕಲ್ ಮಾತ್ರ ನಿರಪರಾಧಿ ಎಂದೂ ಹೇಳಲಾಗದು. ನೆನೆದ ನೆಲದಲ್ಲಿ ಹೆಜ್ಜೆ ಬಿಡುವುದು ಬಿಡಿಬಿಡಿ ಗುಳಿ. ಗಾಲಿ ಬಿಡುವುದು ಮುರಿಯದ ಗೆರೆ. ಇಳಿಜಾರಿನಲ್ಲಿ ಆ ಗೆರೆ ನೀರಿಗೆ ಸಿದ್ಧ ಕಾಲುವೆ. ಇನ್ನೂ ಗಂಭೀರವಾದ ವಿಷಯ ತೋಟಗಾರರದ್ದು. ಕಾಳುಮೆಣಸಿನ ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರ ಮಣ್ಣಿನಲ್ಲಿ ಬದುಕುವ ಜೀವಿ. ಒದ್ದೆ ಮಣ್ಣು ಅಂಟಿದ ಬೂಟು, ಗುದ್ದಲಿ, ಟೈರು ಯಾವುದಾದರೂ ಅದಕ್ಕೆ ವಾಹನವೇ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದೇ ಕುಲದ ಇನ್ನೊಂದು ಜೀವಿಯಿಂದ ಕಾಡೇ ಒಣಗುತ್ತಿರುವುದರಿಂದ ಬೂಟು, ಟೈರುಗಳನ್ನು ತೊಳೆದು ಒಳಹೋಗುವ ಏರ್ಪಾಡು ಮಾಡಲಾಗಿದೆ. ಆದ್ದರಿಂದ ಜೂನ್ ಮೊದಲ ಮಳೆಯಿಂದ ನೆಲ ಆರುವವರೆಗೆ, ಅಂದರೆ ಹೆಚ್ಚುಕಡಿಮೆ ದೀಪಾವಳಿಯವರೆಗೆ, ಈ ದಾರಿಗಳು ಹೊರಗಿನ ಸೈಕಲ್ಲಿಗೂ ಮುಚ್ಚಿರಬೇಕು. ಅಡಿಕೆ-ಮೆಣಸಿನ ತೋಟದ ಒಳಗಂತೂ ಯಾವ ಕಾಲದಲ್ಲಿಯೂ ಹಾಯಬಾರದು.

ಒಣಗಾಲಕ್ಕೂ ಅದರದೇ ಕಂಟಕವಿದೆ. ಸವಾರಿಗೆ ಹಿತವಾದ ಡಿಸೆಂಬರ್‌ನಿಂದ ಮೇ ತನಕದ ಅವಧಿಯೇ ಮಂಗನ ಕಾಯಿಲೆಯ ಕಾಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿದೆ. ತರಗೆಲೆಯ ಮೇಲೆ ಸೈಕಲ್ ಒರಗಿಸಿ ವಿಶ್ರಮಿಸುವ ಅತಿಥಿಗೆ ಉಣುಗಿನ ಪರಿಚಯ ಇರುವುದಿಲ್ಲ. ಮಂಗ ಸತ್ತ ಸುದ್ದಿ ಬಂದ ದಿನವೇ ಆ ದಾರಿ ಮುಚ್ಚುವ ಅಧಿಕಾರ ಊರಿನ ಕೈಯಲ್ಲಿರಬೇಕು. ನೀರು ಇಳಿದಾಗ ತೆರೆದುಕೊಳ್ಳುವ ಜಲಾಶಯದ ಪಾತ್ರಕ್ಕೂ ಇದೇ ಮಾತು. ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದ ವರ್ಷಗಳಲ್ಲಿ ಜನ ಮುಗಿಬೀಳುತ್ತಾರೆ. ಆದರೆ ಟಿಟ್ಟಿಭ ಬರಿನೆಲದಲ್ಲಿ ಮೊಟ್ಟೆಯಿಡುವುದು ಆ ಬೇಸಿಗೆಯಲ್ಲೇ. ಅಭಯಾರಣ್ಯದ ಗಡಿಯೊಳಗಿನ ದಾರಿಗಳನ್ನು ಸೈಕಲ್ ನಕ್ಷೆಗೆ ಸೇರಿಸುವ ಮಾತೇ ಬೇಡ; ಸಿಂಗಳೀಕಕ್ಕೆ ಉಳಿದಿರುವ ಜಾಗವೇ ಅಷ್ಟು.

ಇಷ್ಟೆಲ್ಲ ಗೋಜಿಗಿಂತ ಎಲ್ಲ ದಾರಿಗೂ ಕಾಂಕ್ರೀಟ್ ಹಾಕಿದರಾಯಿತಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯಲ್ಲಿ ಹೊತ್ತು ಸಾಗಿಸಿದ ಕೇರಿಯವರ ಮುಂದೆ ಮಣ್ಣುದಾರಿಯ ಸೊಬಗನ್ನು ವರ್ಣಿಸುವುದು ಕ್ರೌರ್ಯ. ಮನೆಗಳಿರುವ ಪ್ರತಿ ಕೇರಿಗೂ ಸರ್ವಋತು ರಸ್ತೆ ಬೇಕು, ಸರಿಯಾದ ಮೋರಿಯ ಸಹಿತ. ಮೋರಿಯಿಲ್ಲದ ಕಾಂಕ್ರೀಟು ನೀರನ್ನು ವೇಗವಾಗಿ ಒಯ್ದು ಕೊನೆಯ ಮನೆಯ ತೋಟಕ್ಕೆ ಸುರಿಯುತ್ತದೆ. ಆದರೆ ಕೇರಿಯಿಂದ ಬ್ಯಾಣಕ್ಕೆ, ಸೊಪ್ಪಿನಬೆಟ್ಟಕ್ಕೆ, ನೀರಂಚಿಗೆ ಹೋಗುವ ಬಂಡಿದಾರಿಗಳಿಗೆ ಬೇಕಾಗಿರುವುದು ಸಿಮೆಂಟಲ್ಲ; ಇಳಿಜಾರಿಗೆ ಓರೆಯಾಗಿ ಅಲ್ಲಲ್ಲಿ ತೆಗೆದ ಅಡ್ಡಗಾಲುವೆ, ವರ್ಷಕ್ಕೊಮ್ಮೆ ಮಳೆಗೆ ಮುನ್ನ ಎರಡು ದಿನದ ಗುದ್ದಲಿ ಕೆಲಸ. ಸವಾರರಿಂದ ಪಡೆಯುವ ಶುಲ್ಕ ನೇರವಾಗಿ ಈ ಕೂಲಿಗೆ ಹೋಗಬೇಕು. ದಾರಿಯ ಬಾಯಿಯಲ್ಲಿ ಎರಡು ಕಲ್ಲುಕಂಬ ನೆಟ್ಟು, ಬೀಗ ಹಾಕಿದ ಅಡ್ಡಗೋಲು ಇಟ್ಟರೆ ಜೀಪು ನಿಲ್ಲುತ್ತದೆ, ಸೈಕಲ್ಲೂ ಮೇವಿನ ಹೊರೆ ಹೊತ್ತವರೂ ಸಾಗುತ್ತಾರೆ. ಬೀಗದ ಕೈ ಊರಿನಲ್ಲಿದ್ದರೆ ಗೊಬ್ಬರದ ಗಾಡಿಗೆ ತೊಂದರೆಯಿಲ್ಲ.

ಈ ಕೆಲಸಕ್ಕೆ ಮೊದಲ ಹೆಜ್ಜೆ ಗ್ರಾಮನಕ್ಷೆ. ಅದರಲ್ಲಿ ಕಾಲುದಾರಿ, ಬಂಡಿದಾರಿಗಳು ಗುರುತಾಗಿರುತ್ತವೆ. 1964ರ ಭೂಕಂದಾಯ ಕಾಯಿದೆಯ 67ನೆಯ ಕಲಮಿನಂತೆ ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು, ಯಾರೊಬ್ಬರ ಬೇಲಿಗೂ ಸೇರಿದ್ದಲ್ಲ. ಹಿನ್ನೀರಿನ ಸುತ್ತ ಹಳೆಯ ಎಷ್ಟೋ ದಾರಿಗಳು ನೀರೊಳಗೆ ಹೋಗಿ ಮುಗಿಯುತ್ತವೆ. ಮುಳುಗಡೆಯ ನಂತರ ಜನ ತುಳಿದು ಮಾಡಿಕೊಂಡ ದಾರಿಗಳು ನಕ್ಷೆಯಲ್ಲಿ ಇಲ್ಲದಿರಬಹುದು. ಹೈಸ್ಕೂಲು, ಕಾಲೇಜಿನ ವಿದ್ಯಾರ್ಥಿಗಳು ಹಿರಿಯರೊಡನೆ ನಡೆದು ಇವನ್ನು ಗುರುತಿಸಿ, ಯಾವುದು ತೆರೆದದ್ದು, ಯಾವುದು ಮುಚ್ಚಿದ್ದು ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಬಹುದು. ತಡಮಾಡುವಂತಿಲ್ಲ. ಒಬ್ಬ ಸವಾರ ತನ್ನ ಮೊಬೈಲಿನಲ್ಲಿ ಸ್ಟ್ರಾವಾದಂಥ ಆ್ಯಪ್ ತೆರೆದಿಟ್ಟು ಯಾರದೋ ತೋಟದ ನಡುವೆ ಹಾದುಹೋದರೆ, ಆ ಗೆರೆ ಅಂದು ಸಂಜೆಯೇ ಸಾವಿರಾರು ಜನರ ಕಣ್ಣಿಗೆ ಬೀಳಬಹುದು. ಅದನ್ನು ಹಿಡಿದು ಮುಂದಿನ ಭಾನುವಾರ ಬರುವವರು ಪಂಚಾಯಿತಿಯನ್ನು ಕೇಳಿಕೊಂಡು ಬರುವುದಿಲ್ಲ.